71ನೆಯ ದಿನ

ನೂರಿಪ್ಪತ್ತು ಅರ್ಜಿ ಹಾಕಿಯೂ ಒಂದು ಸಂದರ್ಶನದ ಕರೆ ಬಂದಿಲ್ಲ, ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವ ಹುಮ್ಮಸ್ಸೇ ಉಳಿದಿಲ್ಲ, ಮನೆಯವರಿಗೆ ಇನ್ನೂ ಏನನ್ನೂ ಹೇಳಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕು ಎಂದೂ ಕೇಳಿದ್ದೀರಿ. ಅದಕ್ಕೆ ನನ್ನ ಉತ್ತರ ಚಿಕ್ಕದು: ಈಗ ಬಲ್ಲ ಭಾಷೆಯನ್ನೇ ಆಳವಾಗಿ ಕಲಿಯಿರಿ. ಉಳಿದದ್ದಕ್ಕೆ ನನ್ನ ಅನುಭವವನ್ನೇ ಹೇಳಬೇಕಾಗುತ್ತದೆ.

ನಾನು ಅಮೆರಿಕಕ್ಕೆ ಓದಲು ಬಂದದ್ದು 2007ರ ಆಗಸ್ಟಿನಲ್ಲಿ. 2009ರ ಮೇ ತಿಂಗಳಲ್ಲಿ ಪದವಿ ಮುಗಿಯುವ ಹೊತ್ತಿಗೆ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾಗಿ ಎಂಟು ತಿಂಗಳಾಗಿತ್ತು. ಹೊಸಬರನ್ನು ತೆಗೆದುಕೊಳ್ಳುವುದಿರಲಿ, ಇದ್ದವರನ್ನೇ ಕಂಪನಿಗಳು ಬಿಡಿಸುತ್ತಿದ್ದವು. ಓಪಿಟಿಯ, ಅಂದರೆ ವಿದೇಶಿ ವಿದ್ಯಾರ್ಥಿಗಳು ಓದು ಮುಗಿಸಿ ಅಮೆರಿಕದಲ್ಲಿ ಅದಕ್ಕೆ ಸಂಬಂಧಿಸಿದ ಕೆಲಸ ಮಾಡಲು ಸಿಗುವ ಅನುಮತಿಯ, ಹನ್ನೆರಡು ತಿಂಗಳಲ್ಲಿ ಕೆಲಸವಿಲ್ಲದ ದಿನಗಳು ಒಟ್ಟು 90ನ್ನು ಮೀರುವಂತಿಲ್ಲ, ಶನಿವಾರ ಭಾನುವಾರಗಳೂ ಆ ಲೆಕ್ಕಕ್ಕೆ ಸೇರುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ನಾನು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದೆ. ಹಾಗೆ ಮಾಡಬೇಡಿ, ಉಳಿದ ದಿನಗಳನ್ನು ಎಣಿಸುತ್ತ ಕುಳಿತವನಿಗೆ ಓದಿದ್ದು ತಲೆಗೆ ಹತ್ತುವುದಿಲ್ಲ.

ಅದಕ್ಕಿಂತ ದೊಡ್ಡ ತಪ್ಪನ್ನು 12ನೆಯ ದಿನ ಮಾಡಿದೆ. ಶಿಕ್ಷಣ ಸಾಲಕ್ಕೆ ಜಾಮೀನು ನಿಂತಿದ್ದ ಅಪ್ಪ ಫೋನಿನಲ್ಲಿ ಮತ್ತೆ ಅದೇ ಪ್ರಶ್ನೆ ಕೇಳಿದಾಗ, ಕೆಲಸ ಸಿಕ್ಕಿತು ಎಂದುಬಿಟ್ಟೆ. ಆ ಸುದ್ದಿ ಸಂಜೆಯೊಳಗೆ ಎಲ್ಲೆಲ್ಲಿಗೆ ತಲುಪಿರಬಹುದು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಯಲ್ಲಿ ಓದಿದವರ ಬಾಯಿಂದ ನಿಜ ಮನೆಗೆ ಮುಟ್ಟೀತೆಂಬ ಹೆದರಿಕೆಯಿಂದ ಅವರಿಂದಲೂ ದೂರ ಉಳಿದೆ. ಹೀಗಾಗಿ, ತಮ್ಮ ಕಂಪನಿಯಲ್ಲಿ ನನ್ನ ಹೆಸರು ಹೇಳಬಹುದಾಗಿದ್ದ ಮೂವರಿಗೆ ನನಗೆ ಕೆಲಸವಿಲ್ಲವೆಂಬುದೇ ತಿಳಿದಿರಲಿಲ್ಲ. ದಿನವಿಡೀ ಯಾರೊಡನೆಯೂ ಮಾತಾಡದ ಅಭ್ಯಾಸ ಸಂದರ್ಶನಕ್ಕೂ ಬಂತು. ಬೋರ್ಡಿನ ಮುಂದೆ ನಿಂತು, ಕೊಟ್ಟ ಸಮಸ್ಯೆಯನ್ನು ತುಟಿ ಬಿಚ್ಚದೆ ಸರಿಯಾಗಿಯೇ ಬಿಡಿಸಿದ್ದೆ. ನೀವು ಹೇಗೆ ಯೋಚಿಸುತ್ತೀರೆಂದು ನನಗೆ ತಿಳಿಯಲೇ ಇಲ್ಲ ಎಂದು ಸಂದರ್ಶನ ಮಾಡಿದಾಕೆ ಮೃದುವಾಗಿಯೇ ಹೇಳಿ ಕಳುಹಿಸಿದರು.

ಆದ್ದರಿಂದ ನಿಮ್ಮಂತೆಯೇ ಹುಡುಕುತ್ತಿರುವ ಒಬ್ಬಿಬ್ಬರನ್ನು ಜೊತೆ ಮಾಡಿಕೊಂಡು, ದಿನಕ್ಕೊಂದು ಗಂಟೆ ಒಬ್ಬರಿಗೊಬ್ಬರು ಪ್ರಶ್ನೆ ಕೊಟ್ಟು, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಬಿಡಿಸಿರಿ. ಸಂಬಳವಿಲ್ಲದಿದ್ದರೂ ನಿಮ್ಮ ಓದಿಗೆ ಸಂಬಂಧಿಸಿದ ಸ್ವಯಂಸೇವೆಯನ್ನು ವಾರಕ್ಕೆ ಕನಿಷ್ಠ 20 ಗಂಟೆ, ಕಾರ್ಮಿಕ ಕಾನೂನು ಮೀರದಂತೆ ಮಾಡಿದರೆ ಮೊದಲ ವರ್ಷದ ಓಪಿಟಿಯಲ್ಲಿ ಅದು ಕೆಲಸವೆಂದೇ ಎಣಿಕೆಯಾಗುತ್ತದೆ. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಮೊದಲು ಹೋಗಿ ಕೇಳಿ, ದಾಖಲಿಸಿಕೊಳ್ಳಿ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಆಮೇಲೆ ಸಿಗುವ ಸ್ಟೆಮ್ ವಿಸ್ತರಣೆಯಲ್ಲಿ ಇದು ನಡೆಯುವುದಿಲ್ಲ. ಯಾರು ಬೇಕಾದರೂ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶ ಯೋಜನೆಯೊಂದರಲ್ಲಿ, ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಒಂದು ಟೆಸ್ಟ್ ಬರೆದರೂ ಸಾಕು, ಅದನ್ನು ಪರಿಶೀಲಿಸಿ ಉತ್ತರಿಸುವ ಮನುಷ್ಯರೊಬ್ಬರು ಇರುತ್ತಾರೆ. ನೂರಿಪ್ಪತ್ತು ಅರ್ಜಿಗಳಿಗೆ ಉತ್ತರ ಕಾಣದ ಮನಸ್ಸಿಗೆ ಅಂಥ ಎರಡು ಸಾಲು ಎಷ್ಟು ಬಲ ಕೊಡುತ್ತದೆ ಎಂಬುದನ್ನು ನಾನು ಬಲ್ಲೆ.

ನನಗೆ ಕೆಲಸ ಸಿಕ್ಕಿದ್ದು 71ನೆಯ ದಿನ. ಫೋನ್ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ. ಮನೆಯವರ ಲೆಕ್ಕದಲ್ಲಿ ನಾನು ಆಗಲೇ ಎರಡು ತಿಂಗಳಿಂದ ಕೆಲಸದಲ್ಲಿದ್ದೆ. ಅಪ್ಪನಿಗೆ ಹೇಳಲು ಏನೂ ಉಳಿದಿರಲಿಲ್ಲ. ಆ ದಿನ ಯಾವುದೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ನೀವು ಇನ್ನೂ ಸುಳ್ಳು ಹೇಳಿಲ್ಲ. ಈ ವಾರ ಮನೆಗೆ ಫೋನ್ ಮಾಡಿದಾಗ ನೂರಿಪ್ಪತ್ತು ಅರ್ಜಿಗಳ ವಿಷಯ ಹೇಳಿ.