ಟ್ರೇನರ್ ವಿಮಾನಕ್ಕೆ ಲಿಪೋನಾ, 18650 ಪ್ಯಾಕಾ?

ಸುರತ್ಕಲ್‌ನ ಗೆಳೆಯರೇ, ರಿಮೋಟ್‌ನಲ್ಲಿ ಹಾರಿಸಲು ಕಲಿಯುವ ಟ್ರೇನರ್ ಮಾದರಿ ವಿಮಾನಕ್ಕೆ 3ಎಸ್ 2200 ಲಿಪೋ (ಮೂರು ಸೆಲ್‌ಗಳ, 2200 ಎಂಎಎಚ್‌ನ ಲಿಥಿಯಂ ಪಾಲಿಮರ್ ಬ್ಯಾಟರಿ) ಬದಲು 18650 ಸೆಲ್‌ಗಳ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಅಯಾನ್ ಸೆಲ್) ಪ್ಯಾಕ್ ಹಾಕಿದರೆ ಜಾಸ್ತಿ ಹೊತ್ತು ಹಾರುತ್ತಾ ಅಂತ ಕೇಳಿದ್ದೀರಿ. ಹಾರುತ್ತದೆ, ಆದರೆ ಸೆಲ್ ಅಷ್ಟು ಕರೆಂಟ್ ಕೊಡಬೇಕಲ್ವಾ? ನಿಮ್ಮ ಮೋಟರ್ ಫುಲ್ ಥ್ರಾಟಲ್‌ನಲ್ಲಿ (ಪೂರ್ತಿ ಶಕ್ತಿ ಕೊಟ್ಟಾಗ) 25 ಆಂಪಿಯರ್ ಎಳೆಯುತ್ತದೆ ಅಂದಿರಿ. 18650 ಅಳತೆಯ ಸ್ಯಾಮ್‌ಸಂಗ್ 30ಕ್ಯೂ ಸೆಲ್‌ನ ಮಿತಿ 15 ಆಂಪಿಯರ್. ಅದಕ್ಕಿಂತ ಹೆಚ್ಚು ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಸೆಲ್ ಬಿಸಿಯಾಗುತ್ತದೆ. ಸ್ವಲ್ಪ ದೊಡ್ಡದಾದ 21700 ಅಳತೆಯ ಮೊಲಿಸೆಲ್ ಪಿ42ಎ 45 ಆಂಪಿಯರ್ ಕೊಡುತ್ತದೆ, ಒಂದರ ತೂಕ ಸುಮಾರು 70 ಗ್ರಾಂ. ಮೂರು ಸೇರಿದರೆ ಲಿಪೋಗಿಂತ ಸ್ವಲ್ಪ ಭಾರ, ಸಾಮರ್ಥ್ಯ ಹೆಚ್ಚುಕಡಿಮೆ ದುಪ್ಪಟ್ಟು.

ನನ್ನನ್ನು ಕೇಳಿದರೆ, ಕಲಿಯುವವರೆಗೆ ಲಿಪೋನೇ ಇರಲಿ. ಮಧ್ಯಾಹ್ನದ ಮೇಲೆ ನಮ್ಮ ಕಡಲ ಗಾಳಿಗೆ ಎದುರಾಗಿ ಬರಲು ಥ್ರಾಟಲ್ ಬೇಕೇ ಬೇಕು. ಆಮೇಲೆ ಪ್ಯಾಕ್ ಕಟ್ಟಿಸುವಾಗ ಸೆಲ್‌ಗೆ ನೇರ ಬೆಸುಗೆ ಬೇಡ, ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿಸಿ.