ಹಳೆಯ ಕೆಂಪು ರಕ್ತಕಣದ ಹಿಮೋಗ್ಲೋಬಿನ್ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಅದರ ಬಹುಪಾಲು ರಕ್ತಕ್ಕೆ ಚೆಲ್ಲುವುದೇ ಇಲ್ಲ. ಸುಮಾರು 120 ದಿನ ಓಡಾಡಿ ಪೆಡಸಾದ ಕಣವನ್ನು ಗುಲ್ಮ, ಯಕೃತ್ತು ಮತ್ತು ಮೂಳೆಮಜ್ಜೆಯಲ್ಲಿರುವ ಮ್ಯಾಕ್ರೋಫೇಜ್‌ಗಳು (ಕಸ ನುಂಗುವ ಜೀವಕೋಶಗಳು) ಇಡಿಯಾಗಿ ನುಂಗಿ, ಒಳಗೇ ಬಿಡಿಸಿಹಾಕುತ್ತವೆ.

ಗ್ಲೋಬಿನ್ ಎಂಬ ಪ್ರೋಟೀನ್ ಭಾಗ ಅಮೈನೋ ಆಮ್ಲಗಳಾಗಿ ಮರುಬಳಕೆಗೆ ಹೋಗುತ್ತದೆ. ಹೀಮ್ ಎಂಬ ಕೆಂಪು ಭಾಗದಿಂದ ಕಬ್ಬಿಣ ಬೇರ್ಪಡುತ್ತದೆ. ದಿನಕ್ಕೆ ಹೀಗೆ 20–25 ಮಿಲಿಗ್ರಾಂ ಕಬ್ಬಿಣ ವಾಪಸ್ ಸಿಗುತ್ತದೆ. ಊಟದಿಂದ ನಾವು ಹೀರಿಕೊಳ್ಳುವುದು ಬರೀ 1–2 ಮಿಲಿಗ್ರಾಂ! ಉಳಿದ ಹೀಮ್ ಮೊದಲು ಹಸಿರು ಬಿಲಿವರ್ಡಿನ್, ಆಮೇಲೆ ಹಳದಿ ಬಿಲಿರುಬಿನ್ ಆಗುತ್ತದೆ. ಪೆಟ್ಟು ಬಿದ್ದು ಕಂದಿದ ಚರ್ಮ ಹಸಿರಾಗಿ, ನಂತರ ಹಳದಿಯಾಗುವುದೂ ಇದರಿಂದಲೇ. ಯಕೃತ್ತು ಬಿಲಿರುಬಿನ್ನನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತದ ಮೂಲಕ ಕರುಳಿಗೆ ಬಿಡುತ್ತದೆ. ಮಲದ ಕಂದು ಬಣ್ಣ ಅದರದ್ದೇ.

ಕಣಗಳು ರಕ್ತನಾಳದೊಳಗೇ ಒಡೆದರೆ? ಆಗ ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನ್ ಹೊರಬಿದ್ದ ಹಿಮೋಗ್ಲೋಬಿನ್ನನ್ನು ಹಿಡಿದುಕೊಳ್ಳುತ್ತದೆ, ಮ್ಯಾಕ್ರೋಫೇಜ್‌ಗಳು ಆ ಜೋಡಿಯನ್ನೇ ನುಂಗುತ್ತವೆ. ಒಮ್ಮೆ ಬಳಕೆಯಾದ ಹ್ಯಾಪ್ಟೋಗ್ಲೋಬಿನ್ ಮರಳಿ ಬರುವುದಿಲ್ಲ. ತೀವ್ರ ಮಲೇರಿಯಾದಲ್ಲೋ ಹೊಂದದ ರಕ್ತ ಕೊಟ್ಟಾಗಲೋ ಅದು ಪೂರ್ತಿ ಖಾಲಿಯಾದರೆ, ಬಿಡಿ ಹಿಮೋಗ್ಲೋಬಿನ್ ಮೂತ್ರಪಿಂಡದಲ್ಲಿ ಸೋಸಿ ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡಕ್ಕೂ ಹಾನಿಯಾಗಬಹುದು. ರಕ್ತಕಣ ಒಡೆಯುತ್ತಿರುವ ಅನುಮಾನ ಬಂದಾಗ ವೈದ್ಯರು ಹ್ಯಾಪ್ಟೋಗ್ಲೋಬಿನ್ ಪರೀಕ್ಷೆ ಬರೆಯುವುದು ಇದಕ್ಕೇ. ಆದರೆ ಅದು ತಯಾರಾಗುವುದು ಯಕೃತ್ತಿನಲ್ಲಿ. ಯಕೃತ್ತು ಕೆಟ್ಟಿದ್ದರೂ ಅಂಕಿ ಕಡಿಮೆ ಬರುತ್ತದೆ, ಅದೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ.