ಕಲಬುರಗಿಯಲ್ಲಿ ಓದುತ್ತಾ ಲಿಂಕ್ಡ್‌ಇನ್‌ನಲ್ಲಿ ಪರಿಚಯ ಬೆಳೆಸೋದು ಹೇಗೆ?

"ಊರು ಯಾದಗಿರಿ, ಕಲಬುರಗಿಯಲ್ಲಿ ಸಿವಿಲ್ ಮೂರನೇ ವರ್ಷ. ಎಲ್ಲರೂ ಲಿಂಕ್ಡ್‌ಇನ್ ಮಾಡು ಅಂತಾರೆ. ಗುರುತಿಲ್ಲದವರಿಗೆ ಏನಂತ ಬರೆಯಲಿ? ನನ್ನ ಇಂಗ್ಲಿಷ್ ಬೇರೆ ಅಷ್ಟಕ್ಕಷ್ಟೆ" ಅಂತ ಕೇಳಿದ್ದೀರಿ. ನಾನೂ ಕಲಬುರಗಿಯಲ್ಲೇ ಸಿವಿಲ್ ಓದಿದವನು, ಊರು ಚಿತ್ತಾಪುರದ ಕಡೆ. ಈಗ ಬೆಂಗಳೂರಿನಲ್ಲಿ ಸೈಟ್ ಎಂಜಿನಿಯರ್. ನನಗೆ ಆದದ್ದನ್ನೇ ಹೇಳುತ್ತೇನೆ.

ಮೊದಲು ನಾನು ಸುಮಾರು ಅರವತ್ತು ಮಂದಿಗೆ ಒಂದೇ ಮೆಸೇಜ್ ಕಳಿಸಿದ್ದೆ: "ರೆಸ್ಪೆಕ್ಟೆಡ್ ಸರ್, ಪ್ಲೀಸ್ ಗಿವ್ ಮಿ ಎನಿ ಜಾಬ್." ಒಬ್ಬರೂ ಉತ್ತರ ಕೊಡಲಿಲ್ಲ. ತುಂಬಾ ಬೇಜಾರಾಗಿತ್ತು. ಈಗ ನನಗೇ ಅಂಥ ಮೆಸೇಜ್ ಬರುತ್ತವೆ, ಆಗ ಕಾರಣ ತಿಳಿಯುತ್ತದೆ. ಕಳಿಸಿದ ಹುಡುಗನಿಗೆ ಏನು ಬರುತ್ತದೆ, ಏನು ಬೇಕು, ಯಾವುದೂ ಅದರಲ್ಲಿ ಇರುವುದಿಲ್ಲ. ಮನಸ್ಸಿದ್ದರೂ ಏನು ಬರೆಯಲಿ ಹೇಳಿ? ಅದಕ್ಕೇ ನಾನು ಹೇಳೋದು, ಕೆಲಸ ಕೊಡಿ ಅಂತ ಕೇಳಬೇಡಿ, ಅವರ ಕೆಲಸದ ಬಗ್ಗೆ ಕೇಳಿ.

ಯಾರನ್ನು ಕೇಳೋದು? ನಿಮ್ಮ ಕಾಲೇಜಿನ ಲಿಂಕ್ಡ್‌ಇನ್ ಪೇಜ್ ತೆರೆಯಿರಿ. ಅಲ್ಲಿ 'ಅಲುಮ್ನಿ' ಅಂತ ಇರುತ್ತದೆ. ಹಳೆಯ ವಿದ್ಯಾರ್ಥಿಗಳು ಯಾವ ಊರಲ್ಲಿದ್ದಾರೆ, ಎಲ್ಲಿ ಕೆಲಸ ಮಾಡುತ್ತಾರೆ, ಏನು ಓದಿದ್ದರು ಅಂತ ಆರಿಸಿ ನೋಡಬಹುದು. ಕಲಬುರಗಿಯ ಪಿ.ಡಿ.ಎ. ಕಾಲೇಜು ಶುರುವಾದದ್ದು 1958ರಲ್ಲಿ, ಬೀದರಿನ ಗುರುನಾನಕ್ ದೇವ್ ಕಾಲೇಜು 1980ರಲ್ಲಿ. ಅಂದರೆ ನಮ್ಮ ಭಾಗದಿಂದ ಓದಿ ಹೊರಗೆ ಹೋದವರು ಕಡಿಮೆ ಏನಿಲ್ಲ. ನಮ್ಮೂರಿನ ಹುಡುಗ ಅಂದರೆ ಅವರೂ ಒಂದು ನಿಮಿಷ ನಿಂತು ಓದುತ್ತಾರೆ.

ನನಗೆ ದಾರಿ ತೆರೆದದ್ದು ಒಂದು ಕ್ಯೂಬ್, ಅಂದರೆ ಬಲ ಪರೀಕ್ಷಿಸಲು ಅಚ್ಚಿನಲ್ಲಿ ಹಾಕುವ ಕಾಂಕ್ರೀಟ್ ತುಂಡು. ನಮ್ಮ ಪ್ರಾಜೆಕ್ಟ್ ಶಹಾಬಾದ್ ಕಲ್ಲಿನದು. ನೆಲಕ್ಕೆ ಹಾಸುವ ಫರ್ಸಿ ಕೊಯ್ಯುವಾಗ ಬೀಳುವ ಪುಡಿಯನ್ನು ಕಾಂಕ್ರೀಟ್‌ನಲ್ಲಿ ಸ್ವಲ್ಪ ಮರಳಿನ ಬದಲು ಹಾಕಿ ನೋಡುವುದು. 150 ಮಿ.ಮೀ. ಅಳತೆಯ ಕ್ಯೂಬ್‌ಗಳು. ಪುಡಿ ಜಾಸ್ತಿ ಇದ್ದ ಕ್ಯೂಬ್ ಅಚ್ಚಿನಿಂದ ಬಿಚ್ಚಿದರೆ ಅಂಚಿನಲ್ಲೆಲ್ಲ ತೂತು ತೂತು, ಜೇನುಗೂಡಿನ ಹಾಗೆ. ಏಳನೇ ದಿನ ಮೆಷಿನ್‌ಗೆ ಇಟ್ಟಾಗ ಬಲವೂ ಕಡಿಮೆ ಬಂತು. ಆ ಕೆಟ್ಟ ಕ್ಯೂಬಿನ ಫೋಟೊವನ್ನೇ ಹಾಕಿ, ಏನಾಯಿತು ಅಂತ ಮುರುಕು ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಬರೆದೆ.

ಅದರ ಕೆಳಗೆ ಸೇಡಂ ಕಡೆಯ ಒಬ್ಬ ಸೀನಿಯರ್ ಬರೆದರು: ಪುಡಿ ನೀರು ಎಳೆಯುತ್ತದಲ್ಲ, ನೀರು ಎಷ್ಟು ಹಾಕಿದಿರಿ? ಎಲ್ಲಾ ಮಿಕ್ಸ್‌ಗೂ ಅಷ್ಟೇ ಹಾಕಿದ್ದೆವು ಸರ್, ಲೆಕ್ಕ ಬದಲಿಸಲಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಇನ್‌ಬಾಕ್ಸ್‌ನಲ್ಲಿ ಕನ್ನಡದಲ್ಲೇ ಬಂತು, "ಯಾವೂರೋ ತಮ್ಮಾ ನಿಂದು?" ಅಂತ. ಅವರು ಹೇಳಿದಂತೆ ಮತ್ತೆ ಕ್ಯೂಬ್ ಹಾಕಿದೆವು. 28ನೇ ದಿನದ ಫಲಿತಾಂಶ ಬಂದ ಸಂಜೆ ಮೊದಲು ಅವರಿಗೇ ಕಳಿಸಿದೆ. ನಾಲ್ಕು ತಿಂಗಳಾದ ಮೇಲೆ ತಮ್ಮ ಸೈಟ್‌ನಲ್ಲಿ ಇಂಟರ್ನ್ ಬೇಕು ಅಂತ ತಿಳಿಸಿದವರೂ ಅವರೇ. ಇಂಟರ್‌ವ್ಯೂ ನಾನೇ ಎದುರಿಸಬೇಕಾಯಿತು, ಆದರೆ ಜಾಗ ಖಾಲಿ ಇದೆ ಅನ್ನೋದೇ ಅವರಿಲ್ಲದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ.

ಇಂಗ್ಲಿಷ್ ಬಗ್ಗೆ ಅಷ್ಟೊಂದು ಹೆದರಬೇಡಿ. ನಮ್ಮ ಕಡೆಯವರಿಗೆ ಕನ್ನಡದಲ್ಲೇ ಬರೆಯಿರಿ. ಕನೆಕ್ಷನ್ ರಿಕ್ವೆಸ್ಟ್, ಅಂದರೆ ಪರಿಚಯದ ಕೋರಿಕೆ, ಕಳಿಸುವಾಗ ಜೊತೆಗೆ ಬರೆಯಲು ಜಾಗ ಕಡಿಮೆ, ಹಾಗಾಗಿ ಇಷ್ಟು ಸಾಕು: "ನಮಸ್ಕಾರ ಸರ್, ನೀವು ಓದಿದ ಕಾಲೇಜಿನಲ್ಲೇ ಸಿವಿಲ್ ಮೂರನೇ ವರ್ಷ. ಸೈಟ್‌ನಲ್ಲಿ ಕ್ವಾಲಿಟಿ ನೋಡುವವರು ಐಎಸ್ 456 ಬಿಟ್ಟು ಮೊದಲು ಯಾವ ಕೋಡ್ ಓದಿರಬೇಕು?" (ಐಎಸ್ 456 ಅಂದರೆ ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಕೋಡ್.) ಒಂದೇ ಪ್ರಶ್ನೆ, ಎರಡು ನಿಮಿಷದಲ್ಲಿ ಉತ್ತರಿಸುವಂಥದ್ದು. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬೇರೆಯವರಿಗೆ ಬರೆಯಿರಿ. ಬಂದರೆ, ಅವರು ಹೇಳಿದ್ದನ್ನು ಮಾಡಿ ನೋಡಿ, ಏನಾಯಿತು ಅಂತ ತಪ್ಪದೆ ತಿಳಿಸಿ. ಇದನ್ನು ಮಾಡುವವರು ಬಹಳ ಕಡಿಮೆ.

ಪ್ರೊಫೈಲ್‌ಗೆ ಮುಖ ಕಾಣುವ ಒಂದು ಫೋಟೊ ಸಾಕು, ಸ್ಟುಡಿಯೋಗೆ ಹೋಗೋದು ಬೇಡ. ಹೆಸರಿನ ಕೆಳಗೆ ಬರೀ 'ಸ್ಟೂಡೆಂಟ್' ಅಂತ ಬಿಡದೆ, ಸಿವಿಲ್ ಅಂತಲೂ ಯಾವ ಕೆಲಸದಲ್ಲಿ ಆಸಕ್ತಿ ಅಂತಲೂ ಹಾಕಿ.

ಇನ್ನೊಂದು ಎಚ್ಚರ. ಕೆಲಸ ಗ್ಯಾರಂಟಿ, ರಿಜಿಸ್ಟ್ರೇಷನ್‌ಗೆ ಇಷ್ಟು ಹಣ ಹಾಕಿ ಅಂತ ಯಾರಾದರೂ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ನನ್ನ ರೂಮ್‌ಮೇಟ್ ಹೀಗೇ ಹಣ ಕಳೆದುಕೊಂಡ. ಮನೆಯಲ್ಲಿ ಹೇಳೋಕೆ ಹೆದರಿ ವಾರಗಟ್ಟಲೆ ಸುಮ್ನೆ ಕೂತ. ಅಂಥದ್ದೇನಾದರೂ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಿಮ್ಮ ಸರ್ವೇ ಕ್ಯಾಂಪ್ ಮುಗಿದಿದೆಯಲ್ವಾ? ಮೊದಲ ಪೋಸ್ಟ್ ಅದರದ್ದೇ ಆಗಲಿ. ಎಲ್ಲರೂ ಟೋಟಲ್ ಸ್ಟೇಷನ್ ಅನ್ನೋ ಸರ್ವೇ ಉಪಕರಣದ ಪಕ್ಕ ನಿಂತ ಫೋಟೊ ಹಾಕುತ್ತಾರೆ. ನೀವು ನೆಲದ ಎತ್ತರದ ರೀಡಿಂಗ್ ಬರೆದಿಡುವ ಲೆವೆಲ್ ಪುಸ್ತಕದ ಒಂದು ಪುಟ ಹಾಕಿ, ಎಲ್ಲಿ ರೀಡಿಂಗ್ ತಪ್ಪಿತು, ಅದು ಹೇಗೆ ಗೊತ್ತಾಯಿತು ಅಂತ ಬರೆಯಿರಿ.